ಈಗಷ್ಟ ಆತ್ರೀ

ನನ್ನ ಜೊತೆ ಸಾಲಿಯಲ್ಲಿ ಕಲಿಸುವ ಹಿರಿಯ ಮಾಸ್ತರರು ಮಗಳ ಮದುವೆಗೆ ಕರೆಯಲು ನವನಗರದ ನಮ್ಮ ಮನೆಗೆ ಬಂದಿದ್ದರು. ನಾವು ದಲಿತರೆಂದು ಅವರಿಗೆ ಗೊತ್ತು. ಅವ್ವ ಚಹಾ ತಂದಿಟ್ಟಳು. 'ಈಗಷ್ಟ ಆತ್ರೀ ಅವ್ವಾರ' ಎಂದು ಕೈಮುಗಿದರು. ಸಾಲಿಯಲ್ಲಿ ತಾಸಿಗೊಮ್ಮೆ ಚಹಾ ಕೇಳುವ ಮನುಷ್ಯ! 'ಅರ್ಧ ಕಪ್ಪರ ತಗೋರಿ ಸರ್' ಎಂದೆ. ನಕ್ಕರೇ ಹೊರತು ಮುಟ್ಟಲಿಲ್ಲ. ಚಹಾದ ಮೇಲೆ ಕೆನೆ ಕಟ್ಟುವುದನ್ನು ಮೂವರೂ ನೋಡುತ್ತ ಕೂತೆವು. ನನಗೆ ಸಿಟ್ಟು ನೆತ್ತಿಗೇರುತ್ತಿತ್ತು.

ಏಳುವಾಗ ಬೆಣ್ಣೆಯಂಥ ದನಿಯಲ್ಲಿ ಹೇಳಿದರು: 'ಮದುವಿ ಊಟಕ್ಕ ತಪ್ಪದ ಬರ್ರಿ.'

ನಾನೂ ಕೈಮುಗಿದೆ. 'ನಮ್ಮ ಊಟ ಈಗಷ್ಟ ಆತ್ರೀ ಸರ್.'

ಅವರ ನಗು ನಿಂತಿತು. ಚಪ್ಪಲಿ ಮೆಟ್ಟಿ ಹೋದರು.

'ಮನಿಗೆ ಬಂದವರಿಗೆ ಹಿಂಗ ಅಂತಾರೇನ? ರೀತಿ-ರಿವಾಜು ಗೊತ್ತಿಲ್ಲೇನ ನಿನಗ?' ಅವ್ವ ನನ್ನನ್ನೇ ಬೈದಳು. ಆಮೇಲೆ ಆ ಆರಿದ ಚಹಾವನ್ನು ಚೆಲ್ಲದೆ, ನಿಂತಲ್ಲೇ ತಾನೇ ಕುಡಿದಳು.