ಸಂಜೀವಣ್ಣನ ಡೊಂಕು ಬೆರಳು

ಸಂಜೀವಣ್ಣನ ಬಲಗೈ ತೋರುಬೆರಳು ಡೊಂಕು. ಹಿಂದೆ ಒಂದು ಮಿಲ್ಲಿನ ಟೀಮಿಗೆ ಸಂಬಳಕ್ಕೆ ಕ್ರಿಕೆಟ್ ಆಡುತ್ತಿದ್ದಾಗ ಕ್ಯಾಚು ಹಿಡಿಯಲು ಹೋಗಿ ಮುರಿದುಕೊಂಡದ್ದು. ಅಂಪೈರ್ ಆದ ಮೇಲೆ ಅವರು ಔಟ್ ಕೊಟ್ಟರೆ ಆ ಬೆರಳು ಆಕಾಶ ನೋಡುವ ಬದಲು ನೇರ ಬ್ಯಾಟ್ಸ್‌ಮನ್ನನ ಮುಖಕ್ಕೇ ತಿರುಗುತ್ತಿತ್ತು. ಔಟಾದದ್ದು ಸಾಲದೆಂದು ಬೈಸಿಕೊಂಡ ಹಾಗೂ ಆಗುತ್ತಿತ್ತು.

ಅಪೀಲು ಬಂದೊಡನೆ ಅವರು ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಅಷ್ಟು ಹೊತ್ತೂ ಎಲ್ಲರೂ ಉಸಿರು ಬಿಗಿಹಿಡಿದು ಕಾಯಬೇಕು. ಮುಂಬಯಿಯ ಆಂಟಾಪ್ ಹಿಲ್‌ನಲ್ಲಿ ನಮ್ಮದೇ ಬಿಲ್ಡಿಂಗಿನವರು, ಉಡುಪಿ ಕಡೆಯವರು ಎಂಬ ಸಲುಗೆಯಿಂದ ಯಾಕೆಂದು ಕೇಳಿದ್ದೆ.

"ಕಣ್ಣಿಗೆ ಆಸೆ ಉಂಟು ಮಾರಾಯ, ತನಗೆ ಬೇಕಾದ್ದನ್ನೇ ನೋಡ್ತದೆ. ಕಿವಿಗೆ ಅದಿಲ್ಲ" ಎಂದಿದ್ದರು. ಆ ಕಿವಿಯ ಮೇಲೆ ಅವರಿಗಿದ್ದ ಜಂಬ ಸಣ್ಣದಲ್ಲ.

ಎಪ್ಪತ್ತರ ದಶಕದ ಆರಂಭ. ನಾನು ಹೋಟೆಲಿನಲ್ಲಿ ಸಪ್ಲೈಯರ್, ಭಾನುವಾರ ಮಾತ್ರ ಕ್ರಿಕೆಟ್ ಆಟಗಾರ. ಭಾಂಡುಪಿನ ಒಂದು ಕಂಪನಿ ತನ್ನ ಟೀಮಿಗೆ ಆಟಗಾರರನ್ನು ಹುಡುಕುತ್ತಿತ್ತು. ಆರಿಸಿದರೆ ಗುಮಾಸ್ತೆಯ ಖಾಯಂ ಕೆಲಸ. ಅವರ ಆಫೀಸರ್ ನನ್ನ ಆಟ ನೋಡಲು ಬಂದ ಭಾನುವಾರ ಸಂಜೀವಣ್ಣನೇ ಅಂಪೈರ್. ಆ ದಿನ ಅವರು ನನ್ನ ಮುಖವನ್ನೂ ನೋಡಲಿಲ್ಲ.

ಮುಂಬಯಿಯ ಮೈದಾನದಲ್ಲಿ ಒಂದರ ಮೈಮೇಲೆ ಇನ್ನೊಂದು ಮ್ಯಾಚು. ನಮ್ಮ ಫೀಲ್ಡರುಗಳ ಬೆನ್ನಿಗೇ ಇನ್ಯಾರದೋ ವಿಕೆಟ್ಟು. ನನ್ನ ಕೈ ಕುದುರಿತ್ತು. ಅಷ್ಟರಲ್ಲಿ ಒಂದು ಚೆಂಡು ಬ್ಯಾಟಿನ ಪಕ್ಕ ಹಾದು ಕೀಪರನ ಕೈ ಸೇರಿತು. ಟಿಕ್ ಎಂದದ್ದು ನನಗೂ ಕೇಳಿಸಿತು. ಬ್ಯಾಟಿಗೆ ಮಾತ್ರ ತಾಗಿರಲಿಲ್ಲ. ಎಲ್ಲರೂ ಕೂಗಿದರು. ಸಂಜೀವಣ್ಣ ಕಣ್ಣು ಮುಚ್ಚಿದರು.

ಡೊಂಕು ಬೆರಳು ಎದ್ದು ನನ್ನತ್ತ ತಿರುಗಿತು.

ಸಂಜೆ ಸಂಜೀವಣ್ಣ ಹೋಟೆಲಿಗೆ ಬಂದರು. ಇಟ್ಟ ಚಹಾ ಮುಟ್ಟಲಿಲ್ಲ. ನಾನು ಔಟಾಗಿ ಹೊರಟ ಮೇಲೆ ಮುಂದಿನ ಬಾಲಿಗೂ ಅದೇ ಸದ್ದು ಬಂತಂತೆ. ನನ್ನ ಜಾಗಕ್ಕೆ ಬಂದ ಬ್ಯಾಟ್ಸ್‌ಮನ್ ಆ ಬಾಲನ್ನು ಬ್ಯಾಟೆತ್ತಿ ಸುಮ್ಮನೆ ಬಿಟ್ಟಿದ್ದ. ಸದ್ದು ಪಕ್ಕದ ಮ್ಯಾಚಿನದು. ಆದರೆ ಮುಂದಿನ ಬಾಲು ಬಿದ್ದ ಮೇಲೆ ತೀರ್ಪು ತಿರುಗಿಸುವ ಹಾಗಿಲ್ಲ. ನನಗೆ ಕೆಟ್ಟ ಸಿಟ್ಟು ಬಂತು.

"ಈಗ ನನ್ನತ್ರ ಹೇಳಿ ಎಂತ ಪ್ರಯೋಜನ ಸಂಜೀವಣ್ಣ?" ಎಂದೆ. ಎದ್ದು ಹೋದರು.

ಮರುದಿನ ಭಾಂಡುಪಿಗೆ ಹೋಗಿ ತಪ್ಪು ತನ್ನದೆಂದರಂತೆ. ಇಬ್ಬರೂ ಒಂದೇ ಊರ ಕಡೆಯವರಲ್ಲವೇ ಎಂದು ಆಫೀಸರ್ ನಕ್ಕರಂತೆ. ಊರಿನವನಿಗಾಗಿ ಸುಳ್ಳು ಹೇಳುವವನಾದರೆ ನಿನ್ನೆಯೇ ಹೇಳುತ್ತಿದ್ದೆ, ಔಟ್ ಕೊಡುತ್ತಿರಲಿಲ್ಲ ಎಂದು ಸಂಜೀವಣ್ಣ ತನ್ನ ಅಂಪೈರಿನ ಬಿಳಿ ಕೋಟನ್ನು ಮೇಜಿನ ಮೇಲಿಟ್ಟು ಬಂದರಂತೆ. ಇದನ್ನೆಲ್ಲ ಹೇಳಿದ್ದು ಆ ಆಫೀಸರೇ, ನನ್ನನ್ನು ಮತ್ತೊಮ್ಮೆ ಆಡಿಸಿ ಕೆಲಸಕ್ಕೆ ತೆಗೆದುಕೊಂಡ ಮೇಲೆ. ಸಂಜೀವಣ್ಣ ಆ ಕೋಟು ಮತ್ತೆ ಹಾಕಲಿಲ್ಲ. ನಾನು ಎಷ್ಟು ಗೋಗರೆದರೂ ಕೇಳಲಿಲ್ಲ. ಅವರ ಋಣ ನನ್ನ ಅನ್ನದಲ್ಲಿದೆ.

ಕೊನೆಯ ಸಲ ಸಿಕ್ಕಿದ್ದು ಅದೇ ಮೈದಾನದ ಅಂಚಿನಲ್ಲಿ. ಪಕ್ಕದಲ್ಲಿ ಕೂತೆ. ಎಲ್ಲೋ ಅಪೀಲು ಎದ್ದಿತು. ಅವರು ಕಣ್ಣು ಮುಚ್ಚಿದರು. ಮೊಣಕಾಲ ಮೇಲಿದ್ದ ಡೊಂಕು ಬೆರಳು ತಾನಾಗಿ ಅಲುಗಿತು. ಎಡಗೈಯಿಂದ ಅದನ್ನು ಒತ್ತಿ ಹಿಡಿದರು.

"ಔಟಾ ಸಂಜೀವಣ್ಣ?" ಎಂದೆ.

"ಯಾವ ಮ್ಯಾಚಿನದ್ದು ಮಾರಾಯ ಅದು?" ಎಂದರು.