ಶಾರವ್ವನ ಕೈಯ ಕಂಡಿಕೆ

ಇಳಕಲ್ಲಿನ ನಮ್ಮ ಓಣಿಯಲ್ಲಿ ದೈವ ಎಂದರೆ ಬನಶಂಕರಿ ಗುಡಿಯ ಮುಂದೆ ಕೂಡುವ ಅರವತ್ತನಾಲ್ಕು ನೇಕಾರ ಮನೆಗಳ ಮಂದಿ. ಈ ದೈವಕ್ಕೆ ಹನ್ನೊಂದು ಜನರ ಆಡಳಿತ ಮಂಡಳಿ, ಐದು ವರ್ಷಕ್ಕೊಮ್ಮೆ ಚುನಾವಣೆ. ಮನೆಗೊಂದು ಮತ, ಅದೂ ಗಂಡಸಿನ ಕೈಯಿಂದ. ಗುಡಿಗೆ ಸುಣ್ಣ ಬಳಿಯುವುದರಿಂದ ಹಿಡಿದು ಸತ್ತವರನ್ನು ಎಲ್ಲಿ ಮಣ್ಣು ಮಾಡಬೇಕು ಎಂಬುದರವರೆಗೆ ಈ ಹನ್ನೊಂದು ಮಂದಿಯ ಮಾತೇ ಕೊನೆ. ರುದ್ರಭೂಮಿಯ ಗೇಟಿನ ಕೀಲಿಕೈ ಅಧ್ಯಕ್ಷ ಹನಮಂತಪ್ಪನವರ ಉಡದಾರದಲ್ಲಿರುತ್ತದೆ. ಮಲಗಿದಾಗಲೂ ಬಿಚ್ಚುವುದಿಲ್ಲವಂತೆ.

ನಾನು ಸಾಲಿ ಮಾಸ್ತರ. ಮನೆಯ ಒಂದು ಮಗ್ಗವನ್ನು ಹೆಂಡತಿ ಸುಮಾ ನಡೆಸುತ್ತಾಳೆ. ಓದಿದವನೆಂದು ಚುನಾವಣೆಯ ಎಣಿಕೆಯನ್ನು ನನ್ನ ಕೊರಳಿಗೆ ಕಟ್ಟಿದ್ದಾರೆ. ಎಣಿಸಬೇಕಾದದ್ದು ಕಂಡಿಕೆಗಳನ್ನು. ಲಾಳಿಯೊಳಗೆ ಕೂರುವ, ನೂಲು ಸುತ್ತಿದ ಬೆರಳುದ್ದದ ಕೊಳವೆ ಅದು. ಅಕ್ಷರ ಬಾರದ ಹಿರಿಯರು ಮಾಡಿದ ಪದ್ಧತಿ: ಒಬ್ಬ ಅಭ್ಯರ್ಥಿಗೆ ಕೆಂಪು, ಇನ್ನೊಬ್ಬನಿಗೆ ಕರಿ. ಮನೆಯಿಂದ ಒಂದು ಕಂಡಿಕೆಯನ್ನು ಅಂಗಿಯೊಳಗೆ ಬಚ್ಚಿಟ್ಟುಕೊಂಡು ಬಂದು, ಬಟ್ಟೆ ಮುಚ್ಚಿದ ತಾಮ್ರದ ಕೊಡದೊಳಗೆ ಬಿಡಬೇಕು. ಎಣಿಕೆ ಮುಗಿದ ಮೇಲೆ ಆ ನೂಲನ್ನೆಲ್ಲ ದೇವಿಯ ಸೀರೆ ನೇಯಲು ಬಳಸುತ್ತೇವೆ. ಅದನ್ನು ಆರಿಸಿ ಬುಟ್ಟಿಗೆ ತುಂಬುವ ಕೆಲಸ ಐದು ಚುನಾವಣೆಗಳಿಂದ ಶಾರವ್ವನದು.

ಶಾರವ್ವ ಹದಿನಾರಕ್ಕೆ ಕಮತಗಿಯಿಂದ ಸೊಸೆಯಾಗಿ ಬಂದವಳು. ಬಂದ ಮರುದಿನವೇ ಅತ್ತೆ ನೂಲು ಸುತ್ತುವ ರಾಟಿಯ ಮುಂದೆ ಕೂರಿಸಿದಳು. ನಲವತ್ತಾರು ವರ್ಷವಾಯಿತು, ಇನ್ನೂ ಎದ್ದಿಲ್ಲ ಎಂದು ತಾನೇ ನಗುತ್ತಿದ್ದಳು. ಓಣಿಯ ಹೆಣ್ಣುಮಕ್ಕಳು, ಸೊಸೆಯಂದಿರು ಕಂಡಿಕೆ ಸುತ್ತಲು ಕಲಿತದ್ದು ಅವಳ ಕಟ್ಟೆಯ ಮೇಲೆ. ಯಾರ ಕೈ ಬಿಗಿ, ಯಾರದು ಸಡಿಲು, ಎಳೆಯ ತುದಿಯನ್ನು ಯಾರು ಯಾವ ಕಡೆ ಸಿಗಿಸುತ್ತಾರೆ, ಎಲ್ಲ ಅವಳಿಗೆ ಗೊತ್ತು. ಅಂದಮೇಲೆ ಗುಟ್ಟಿನ ಮತ ಎಲ್ಲಿಯದು? ನಮ್ಮ ಗಂಡಸರಿಗೆ ಇದು ಹೊಳೆಯಲೇ ಇಲ್ಲ. ನೂಲು ಸುತ್ತುವವರು ಯಾರು ಎಂದು ನಾವು ಯಾವತ್ತು ನೋಡಿದ್ದೇವೆ? ನನಗೂ ಈ ಸಲದ ಎಣಿಕೆಯ ದಿನದವರೆಗೆ ತಿಳಿದಿರಲಿಲ್ಲ.

ಅವಳ ಮಗಳು ಮಾಯಾ ಹುನಗುಂದದಲ್ಲಿ ನರ್ಸ್ ಆಗಿದ್ದಳು. ಅಲ್ಲಿಯೇ ಬೇರೆ ಜಾತಿಯ ಹುಡುಗನನ್ನು ಮದುವೆಯಾದಳು. ಮೂರು ವರ್ಷದ ಹಿಂದೆ ಜ್ವರ ಬಂದು ತೀರಿಕೊಂಡಳು. ತನ್ನನ್ನು ನಮ್ಮ ರುದ್ರಭೂಮಿಯಲ್ಲಿ, ತೀರಿಹೋದ ಅಪ್ಪನ ಮಗ್ಗುಲಲ್ಲಿ ಇಡಬೇಕೆಂದು ಕೇಳಿಕೊಂಡಿದ್ದಳಂತೆ. ಗಂಡ, ಪಾಪ, ಹೆಣವನ್ನು ಇಳಕಲ್ಲಿಗೆ ತಂದ. ದೈವ ಬಿಟ್ಟು ಲಗ್ನವಾದವರಿಗೆ ರುದ್ರಭೂಮಿಯಲ್ಲಿ ಜಾಗವಿಲ್ಲ ಎಂಬುದು ನಮ್ಮ ನಿಯಮಗಳಲ್ಲಿ ಹದಿನಾಲ್ಕನೆಯ ಕಲಮು. ಮೇ ತಿಂಗಳ ಬಿಸಿಲಿನಲ್ಲಿ ಆಂಬುಲೆನ್ಸು ನಾಲ್ಕು ತಾಸು ಗೇಟಿನ ಮುಂದೆ ನಿಂತಿತು. ಮಂಡಳಿಯವರು ಗುಡಿಯಲ್ಲಿ ಕೂತು, ಚಹಾ ಕುಡಿದು, ಕಲಮು ಓದಿ, ಎದ್ದರು. ಮಾಯಾಳ ಅಣ್ಣ ಧರ್ಮರಾಜ ಗೇಟಿನ ಕಂಬ ಹಿಡಿದು ತಲೆ ತಗ್ಗಿಸಿ ನಿಂತಿದ್ದ. ಗಾಡಿ ಹುನಗುಂದಕ್ಕೆ ತಿರುಗಿತು. ಆ ಚಹಾದ ಮೇಲೆ ನನಗೆ ಇಂದಿಗೂ ಸಿಟ್ಟಿದೆ.

ಕಳೆದ ವರ್ಷ ಮಂಡಳಿಗೆ ಇದ್ದಕ್ಕಿದ್ದಂತೆ ಕಾಲ ಬದಲಾಗಿದೆ ಎನಿಸಿತು. ಹೆಣ್ಣುಮಕ್ಕಳೂ ಚುನಾವಣೆಗೆ ನಿಲ್ಲಬಹುದು ಎಂದು ನಿಯಮ ತಿದ್ದಿದರು. ನಿಲ್ಲಬಹುದು, ಮತ ಹಾಕುವಂತಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದೆವು. ಯಾರೂ ನಿಲ್ಲಲಾರರು ಎಂಬ ಧೈರ್ಯ. ಶಾರವ್ವ ನಿಂತಳು.

ಹತ್ತು ಸ್ಥಾನಗಳು ಅವಿರೋಧವಾಗಿ ತುಂಬಿದ್ದವು. ಅವರಲ್ಲಿ ಐವರು ಹದಿನಾಲ್ಕನೆಯ ಕಲಮನ್ನು ತೆಗೆಯಬೇಕು ಎನ್ನುವವರು, ಐವರು ಹನಮಂತಪ್ಪನವರ ಕಡೆಯವರು. ಹನ್ನೊಂದನೆಯವರು ಯಾರು ಎಂಬುದರ ಮೇಲೆ ಗೇಟಿನ ಹಣೆಬರಹ ನಿಂತಿತ್ತು. ಕರಿ ಕಂಡಿಕೆ ಹನಮಂತಪ್ಪನವರ ಅಳಿಯ ಮಲಕಪ್ಪನದು, ಕೆಂಪು ಶಾರವ್ವನದು. ಅವಳು ಮನೆಮನೆಗೆ ಬಂದಳು.

“ನನಗೇನೂ ಬ್ಯಾಡ್ರಿ. ಯಾರ ಹೆಣದ ಮುಂದೂ ಆ ಕೀಲಿ ಬೀಳಬಾರದು, ಅಷ್ಟ.”

“ಆತು ಶಾರವ್ವಕ್ಕ, ನಮ್ಮ ಮನಿದು ಕೆಂಪು,” ಎಂದು ನಲವತ್ತೊಂದು ಮನೆಗಳವರು ಮಾತು ಕೊಟ್ಟರು. ಅವರಲ್ಲಿ ನಾನೂ ಒಬ್ಬ.

ಚುನಾವಣೆಯ ಮುಂಜಾನೆ ಶಾರವ್ವ ಜಳಕ ಮಾಡಿ ಒಂದು ಕೆಂಪು ಕಂಡಿಕೆಯನ್ನು ಹೊಸದಾಗಿ ಸುತ್ತಿ, ಮೂಗುತಿಯಷ್ಟು ಅರಿಷಿಣ ಹಚ್ಚಿ, ಧರ್ಮರಾಜನ ಕೈಯಲ್ಲಿಟ್ಟಳು. ಮನೆಯ ಮತ ಅವನದು. ತಾನು ಗುಡಿಯ ಮೆಟ್ಟಿಲ ಮೇಲೆ ಕೂತಳು.

ಮಧ್ಯಾಹ್ನ ಕೊಡ ಬೋರಲು ಹಾಕಿ ಎಣಿಸಿದೆ. ಕರಿ ಮೂವತ್ತೊಂಬತ್ತು, ಕೆಂಪು ಇಪ್ಪತ್ತೈದು. ಮಲಕಪ್ಪನಿಗೆ ಹಾರ ಬಿತ್ತು.

“ದೈವದ ಮಾತು, ಶಾರವ್ವ. ತಲಿ ಬಾಗಬೇಕು,” ಎಂದರು ಹನಮಂತಪ್ಪ.

“ಹೂಂರಿ,” ಎಂದಳು.

ಎಲ್ಲರೂ ಉಪ್ಪಿಟ್ಟಿಗೆಂದು ಹಿಂದಿನ ಪಡಸಾಲೆಗೆ ಹೋದರು. ನಾನು ಫಲಿತಾಂಶ ಬರೆಯಲು ನಡಾವಳಿ ಪುಸ್ತಕ ತೆರೆದೆ. ಶಾರವ್ವ ಬುಟ್ಟಿ ತಂದು ಕರಿ ರಾಶಿಯ ಮುಂದೆ ಕೂತಳು. ಒಂದೊಂದನ್ನೇ ಎತ್ತಿ, ಬೆರಳಲ್ಲಿ ಹೊರಳಿಸಿ, ಬುಟ್ಟಿಗೆ ಹಾಕತೊಡಗಿದಳು.

“ಇದು ಸಂಗವ್ವನ ಕೈ. ಇದು ಮುತ್ತವ್ವನ ಸೊಸಿದು. ಎಷ್ಟ ಹೇಳಿದ್ರೂ ತುದಿ ಎಡಕ್ಕ ಸಿಗಸ್ತಾಳ.” ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಆಮೇಲೆ ಇನ್ನೊಂದನ್ನು ಎತ್ತಿದಳು. “ಇದು ನಿಮ್ಮ ಸುಮಾಂದು, ಮಾಸ್ತರ. ಭಾಳ ಬಿಗಿ ಸುತ್ತತಾಳ.”

ನನ್ನ ಪೆನ್ನು ನಿಂತಿತು. ಹೌದು, ನಾನು ಹಾಕಿದ್ದು ಕರಿಯೇ. ಮನೆಯಲ್ಲಿ ಲಗ್ನಕ್ಕೆ ಬಂದ ಮಗಳಿದ್ದಾಳೆ, ವರನ ಕಡೆಯವರಿಗೂ ಹನಮಂತಪ್ಪನವರಿಗೂ ಬೀಗತನ. ನಾಲ್ಕು ಜನ ಓದಿದವನೆನ್ನುವ ನನ್ನ ಬೆಲೆ ಇಷ್ಟೇ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಬುಟ್ಟಿಗೆ ಕಂಡಿಕೆ ಬೀಳುವುದು ನಿಂತಿತೆಂದು ನೋಡಿದೆ. ಒಂದು ಕರಿ ಕಂಡಿಕೆ ಅಂಗೈಯಲ್ಲಿತ್ತು. ಅದನ್ನು ಕೆಳಗಿಟ್ಟು ಕೆಂಪು ರಾಶಿಯನ್ನು ಎರಡೂ ಕೈಯಿಂದ ಕೆದಕಿದಳು. ಅರಿಷಿಣ ಹಚ್ಚಿದ್ದು ಅದರಲ್ಲಿ ಇರಲಿಲ್ಲ.

“ಈ ಕೈ ನಂದ ಐತ್ರಿ,” ಎಂದಳು.

ಕೆಲವು ವರ್ಷಗಳಿಂದ ಅವಳು ಮನೆಯ ಮಗ್ಗಕ್ಕಲ್ಲದೆ ಬೇರೆಯವರಿಗೆ ಸುತ್ತಿದವಳಲ್ಲ.

ಅಷ್ಟರಲ್ಲಿ ಧರ್ಮರಾಜ ಬಂದ. “ಯವ್ವಾ, ಮನಿಗಿ ನಡಿ.” ಅವಳು ಅಂಗೈ ಚಾಚಿ ಕಂಡಿಕೆ ತೋರಿಸಿದಳು. ಅವನು ಸುಳ್ಳು ಹೇಳಲಿಲ್ಲ. ಅಲ್ಲಿಯೇ ಬುಟ್ಟಿಯ ಪಕ್ಕ ಕೂತ.

“ನಾ ಏನ್ ಮಾಡ್ಲಿ ಯವ್ವಾ? ಹನಮಂತಪ್ಪ ಕರದು ಹೇಳಿದ್ರು. ದೈವಾನ ಎದುರ ಹಾಕ್ಕೊಂಡ್ರ ನಾಳಿ ನಿಮ್ಮವ್ವನ್ನ ಎತ್ತಾಕ ನಾಕ ಮಂದಿ ಬರೂದಿಲ್ಲ ಅಂದ್ರು. ಮಾಯಾನ್ನಂತೂ ಅಲ್ಲಿ ಇಡಾಕ ಆಗಲಿಲ್ಲ. ನಿನ್ನರ ಅಪ್ಪನ ಮಗ್ಗಲಿಗೆ ಇಡಬೇಕಂತ...”

ಶಾರವ್ವ ಆ ಕಂಡಿಕೆಯನ್ನು ಉಳಿದವುಗಳ ಜೊತೆ ಬುಟ್ಟಿಗೆ ಹಾಕಿದಳು. ಸೆರಗಿನಿಂದ ಕೈ ಒರೆಸಿಕೊಂಡಳು.

“ನಾ ಸತ್ತಾಗ ಕೀಲಿಕೈ ಕೇಳಾಕ ಹೋಗಬ್ಯಾಡ, ಧರ್ಮಾ. ಹುನಗುಂದಕ್ಕ ಒಯ್ಯಿ. ಅಲ್ಲಿ ಮಾಯಾ ಒಬ್ಬಾಕೀನ ಅದಾಳ.” ಆಮೇಲೆ ನನ್ನ ಕಡೆ ತಿರುಗಿದಳು. “ಇದನ್ನ ಪುಸ್ತಕದಾಗ ಬರಕೋರಿ, ಮಾಸ್ತರ. ಬಾಯಿ ಮಾತಿನ ಮ್ಯಾಲ ಇಂವನ್ನ ನಂಬೂದಿಲ್ಲ ನಾ.”

ಮಲಕಪ್ಪ ಗೆದ್ದ ಸಾಲಿನ ಕೆಳಗೆ ಅವಳ ಮಾತನ್ನು ಅವಳು ಹೇಳಿದಂತೆಯೇ ಬರೆದೆ. ಅವಳು ಅಕ್ಷರ ಕೂಡಿಸಿಕೊಂಡು ಸಹಿ ಮಾಡಿದಳು. ಮೊದಲನೆಯ ಸಾಕ್ಷಿಯಾಗಿ ನಾನು ಹೆಸರು ಹಾಕಿದೆ. ಎರಡನೆಯ ಸಾಕ್ಷಿ ಬೇಕಿತ್ತು. ಪೆನ್ನನ್ನು ಧರ್ಮರಾಜನ ಕೈಗೆ ಕೊಟ್ಟೆ. ಅವನು ತಾಯಿಯ ಮುಖ ನೋಡಿದ. ಅವಳು ಬುಟ್ಟಿಯಿಂದ ಕಣ್ಣೆತ್ತಲಿಲ್ಲ. ಅವನು ಸಹಿ ಮಾಡಿದ.