ಎಲ್ಲದಕ್ಕೂ ಐದಕ್ಕೈದು

ಅದು ಶುಕ್ರವಾರ. ನನ್ನ ಗಂಡ ಅಡುಗೆಮನೆಯ ಕಟ್ಟೆಯ ಮೇಲೆ ಕೂತು ಕಂಪನಿಯನ್ನು ಬೈಯುತ್ತ ಚಹಾ ಕುಡಿಯುತ್ತಿದ್ದರು. ಆಗ ನಾವಿದ್ದ ಕೊಂಡಾಪುರದಲ್ಲಿ ವಾರಕ್ಕೊಂದು ಸಾಫ್ಟ್‌ವೇರ್ ಕಂಪನಿ ತಲೆ ಎತ್ತುತ್ತಿತ್ತು. ಅಂಥದೊಂದರಲ್ಲಿ ಸಮೀಕ್ಷೆಗಳ ಲೆಕ್ಕ ನೋಡುವುದು ಅವರ ಕೆಲಸ. ಕ್ಯಾಬು, ಕ್ಯಾಂಟೀನು, ಜಿಮ್ಮು, ವಿಮೆ, ಇವುಗಳಲ್ಲಿ ಯಾವುದರಿಂದ ನೌಕರರ ಸಂತೋಷ ಎಷ್ಟು ಹೆಚ್ಚುತ್ತದೆ ಎಂದು ರಿಗ್ರೆಷನ್ ಮಾಡಿ ಸೋಮವಾರ ತೋರಿಸಬೇಕಿತ್ತು.

"ಹಂಗಂದ್ರ ಏನ್ರೀ?"

"ಸಾರಿನ್ಯಾಗ ಒಂದು ಚಮಚ ಖಾರ ಹೆಚ್ಚು ಬಿದ್ರ ನಾ ಎಷ್ಟು ರೊಟ್ಟಿ ಹೆಚ್ಚು ತಿಂತೀನಿ? ಅಷ್ಟ. ಆದ್ರ ಈ ಮಂದಿ ಎಲ್ಲಾದಕ್ಕೂ ಐದಕ್ಕೈದು ಕೊಟ್ಟಾರ. ಜಿಮ್ಮಿಗೂ ಐದು, ಸಂತೋಷಕ್ಕೂ ಐದು. ಏರಿಳಿತಾನ ಇಲ್ಲಂದ್ರ ಗೆರಿ ಎಲ್ಲಿಂದ ಎಳೀಲಿ?"

ತಪ್ಪು ಎಚ್‌ಆರ್‌ನವರದು. ಫಾರಂ ಹಂಚಿ, ತುಂಬುವವರ ಬೆನ್ನ ಹಿಂದೆಯೇ ನಗುತ್ತ ನಿಂತಿದ್ದರಂತೆ. ಜಿಮ್ಮಿನ ಬಾಗಿಲು ತೆರೆದದ್ದನ್ನು ಕಂಡವರೇ ಇರಲಿಲ್ಲ.

"ನೀವೆಷ್ಟು ಹಾಕೀರಿ?"

"ನಾನೂ ಐದ. ನನಗೂ ಹೆಂಡ್ತಿ ಅದಾಳಲ್ಲ."

ಇಬ್ಬರೂ ನಕ್ಕೆವು. ಆದರೆ ನನಗದು ತಮಾಷೆಯ ಪ್ರಶ್ನೆಯಾಗಿರಲಿಲ್ಲ. ಅವರು ರಾಯಚೂರಿನಲ್ಲಿ ಗಣಿತದ ಮಾಸ್ತರರಾಗಿದ್ದವರು. ನನ್ನ ಉಬ್ಬಸಕ್ಕೆ ಕಂಪನಿಯ ವಿಮೆ ಸಿಗಲೆಂದು ಶಾಲೆ ಬಿಟ್ಟು, ಅಮೀರ್‌ಪೇಟೆಯಲ್ಲಿ ಕಂಪ್ಯೂಟರ್ ಕಲಿತು ಇಲ್ಲಿ ಸೇರಿದ್ದರು.

"ಖರೇ ನಂಬರ್ ಹೇಳ್ರಿ," ಎಂದೆ.

"ಸಂಜಿಗೆ ಹೇಳ್ತೀನಿ ತಡಿ, ಕ್ಯಾಬ್ ಬಂತು."

ಮಧ್ಯಾಹ್ನ ಆಫೀಸಿನಲ್ಲೇ ಎದೆನೋವು ಬಂದು ತೀರಿಕೊಂಡರು.

ತಿಥಿ ಮುಗಿದ ಮೇಲೆ ಕಾಗದಗಳಿಗೆ ಸಹಿ ಹಾಕಲು ಹೋದೆ. ಮೈಸೂರು ಕಡೆಯ ಎಚ್‌ಆರ್ ಹುಡುಗಿ ಕಾಫಿ ಯಂತ್ರದ ಪಕ್ಕ ಕೂರಿಸಿ, "ಸರ್ ಇಲ್ಲಿ ತುಂಬಾ ಖುಷಿಯಾಗಿದ್ರು ಮೇಡಂ," ಎಂದಳು.

"ನಿನಗ ಹೆಂಗ ಗೊತ್ತವಾ?"

"ಫಾರಂ ಇದೆಯಲ್ಲ. ಎಲ್ಲರೂ ಐದೇ ಕೊಟ್ಟಿದ್ದಾರೆ."

"ಅವರು ನಿನ್ನ ಕೂಡ ಏನರೆ ಹೇಳಿದ್ರೇನು? ಬ್ಯಾಸರ ಆಗೇತಿ, ಶಾಲಿ ನೆನಪಾಗ್ತೈತಿ, ಹಿಂಗೇನರೆ?"

ಅವಳು ಸ್ವಲ್ಪ ಯೋಚಿಸಿ, ಕಾಫಿಗೆ ಸಕ್ಕರೆ ಎಷ್ಟು ಎಂದು ಕೇಳಿದಳು.

ವಿಮೆ ಆ ವರ್ಷದ ಕೊನೆಯವರೆಗೂ ನಡೆಯಿತು. ಎರಡು ಸಲ ಉಬ್ಬಸ ಏರಿದಾಗ ಆಸ್ಪತ್ರೆಯವರು ಕಾರ್ಡು ನೋಡಿ ಅಕ್ಕರೆಯಿಂದ ಹಾಸಿಗೆ ಕೊಟ್ಟರು. ಸವಲತ್ತು ಒಳ್ಳೆಯದೇ, ಸುಳ್ಳು ಹೇಳಬಾರದು.

ಆದರೆ ಆ ಕೆಲಸ ಅವರಿಗೆ ಹಿಡಿಸಿತ್ತೋ, ನನಗಾಗಿ ಸಹಿಸಿಕೊಂಡಿದ್ದರೋ, ಅದು ನನಗೆ ಇವತ್ತಿಗೂ ಗೊತ್ತಿಲ್ಲ.